ರಥಕ್ಷೋಭೆ ಮತ್ತು ತ್ರಿಮರ್ಮ: ಕಾರಿನಲ್ಲಿ ಕುಳಿತುಕೊಳ್ಳುವ ಕ್ರಮ

ಪ್ರತಿ ವರ್ಷ ಮಹಾಶಿವರಾತ್ರಿ ಕಳೆದ ವಾರದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಸೊಂಟನೋವು, ಕುತ್ತಿಗೆನೋವು ಎಂದು ಬರುವವರ ಸಂಖ್ಯೆ ಹೆಚ್ಚುತ್ತದೆ. ಸಿದ್ಧಗಂಗೆಯ ಜಾತ್ರೆಗೋ, ಶ್ರೀಶೈಲಕ್ಕೋ, ತಮ್ಮ ಊರಿನ ಗುರುಮಠಕ್ಕೋ ಕಾರಿನಲ್ಲಿ ಹೋಗಿ ಬಂದವರೇ ಇವರಲ್ಲಿ ಬಹುಮಂದಿ. ಅವರು ತಮ್ಮ ನೋವಿಗೆ ರಸ್ತೆಯನ್ನೂ ವಯಸ್ಸನ್ನೂ ಹವೆಯನ್ನೂ ಕಾರಣವಾಗಿ ಹೇಳುತ್ತಾರೆ. ತಾವು ಕುಳಿತ ಆಸನದ ವಿಷಯವನ್ನು ಹೇಳುವವರು ಅಪರೂಪ. ನಾನು ಕೂಡ ಬಹಳ ವರ್ಷ ಅದನ್ನು ಕೇಳುತ್ತಿರಲಿಲ್ಲ.

ಕೇಳುವಂತೆ ಮಾಡಿದವರು ಯಲಹಂಕ ಉಪನಗರದ ಒಬ್ಬ ಸದ್ಭಕ್ತರು. ಅವರಿಗೆ ಆಗ 52 ವರ್ಷ. ಪ್ರತಿದಿನ ಹೆಬ್ಬಾಳ ದಾಟಿ ಹೊರವರ್ತುಲ ರಸ್ತೆ ಹಿಡಿದು ಯಶವಂತಪುರದ ಕಡೆಗೆ ಕೆಲಸಕ್ಕೆ ಹೋಗುತ್ತಿದ್ದರು. ಎಡಗಾಲಿನಲ್ಲಿ ಗೃಧ್ರಸಿ, ಸೊಂಟದಿಂದ ಹೊರಟ ನೋವು ತೊಡೆಯ ಹಿಂಬದಿಯಲ್ಲಿ ಇಳಿದು ಪಾದದವರೆಗೆ ಎಳೆಯುತ್ತಿತ್ತು. ಎರಡು ಬಾರಿ ಕಟಿಬಸ್ತಿ ಮಾಡಿದೆ, ಪತ್ರಪಿಂಡ ಸ್ವೇದ ಮಾಡಿದೆ, ಔಷಧ ಕೊಟ್ಟೆ. ಪ್ರತಿ ಸಲವೂ ಗುಣವಾಯಿತು. ಪ್ರತಿ ಸಲವೂ ತಿಂಗಳೊಳಗೆ ನೋವು ಮರಳಿತು. ಮೂರನೆಯ ಸಲ ಬಂದಾಗ ನಾನು ಎದ್ದು ಹೊರಗೆ ಹೋಗಿ, ಅವರು ತಂದು ನಿಲ್ಲಿಸಿದ್ದ ಕಾರಿನಲ್ಲಿ ಅವರನ್ನು ಕೂರಿಸಿ ನೋಡಿದೆ.

ಬೆನ್ನೊರಗನ್ನು ಆರಾಮಕುರ್ಚಿಯಂತೆ ಹಿಂದಕ್ಕೆ ಬಾಗಿಸಿದ್ದರು. ಆಸನ ಬಹಳ ಹಿಂದಿತ್ತು. ಕ್ಲಚ್ಚನ್ನು ಪೂರ್ತಿ ಒತ್ತಬೇಕಾದರೆ ಎಡಗಾಲನ್ನು ಕೋಲಿನಂತೆ ಚಾಚಿ, ಸೊಂಟವನ್ನು ಒಂದು ಕಡೆಗೆ ಎತ್ತಬೇಕಿತ್ತು. ಪ್ಯಾಂಟಿನ ಹಿಂಜೇಬಿನಲ್ಲಿ ದಪ್ಪನೆಯ ಹಣದ ಚೀಲ. ಬೆನ್ನಿಗೆ ಜಾರುವ ದಿಂಬು. ತಲೆಯೊರಗು ಪೂರ್ತಿ ಕೆಳಗಿಳಿದು ಭುಜದ ಮಟ್ಟದಲ್ಲಿತ್ತು. ಹೆಬ್ಬಾಳದ ದಟ್ಟಣೆಯಲ್ಲಿ ಅವರು ದಿನಕ್ಕೆ ನೂರಾರು ಬಾರಿ ಕ್ಲಚ್ ಒತ್ತುತ್ತಿದ್ದರು. ನಾನು ಸಂಜೆ ತೈಲದಿಂದ ಸಡಿಲಿಸುತ್ತಿದ್ದ ಸೊಂಟವನ್ನು ಅವರು ಮರುದಿನ ಬೆಳಗ್ಗೆ ಮತ್ತೆ ತಿರುಚಿಕೊಳ್ಳುತ್ತಿದ್ದರು. ಕಾರಣವನ್ನು ಹಾಗೆಯೇ ಉಳಿಸಿ ಕಾರ್ಯವನ್ನು ಮಾತ್ರ ಚಿಕಿತ್ಸಿಸುತ್ತಿದ್ದುದು ವೈದ್ಯನ ತಪ್ಪು. ನಿದಾನಪರಿವರ್ಜನವೇ ಮೊದಲ ಚಿಕಿತ್ಸೆ ಎಂದು ಕಲಿತವನು ನಾನು.

ಶಾಸ್ತ್ರ ಹೇಳಿದ ರಥಕ್ಷೋಭೆ

ಇದು ಹೊಸ ಕಾಲದ ವ್ಯಾಧಿಯೆಂದು ತಿಳಿಯಬೇಕಿಲ್ಲ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ, ಪಂಚಕರ್ಮವಾದ ರೋಗಿಯು ಬಲ ಬರುವವರೆಗೆ ವರ್ಜಿಸಬೇಕಾದ ಎಂಟು ಮಹಾದೋಷಗಳನ್ನು ಹೇಳಲಾಗಿದೆ. ಅವುಗಳಲ್ಲಿ ಒಂದು ‘ರಥಕ್ಷೋಭ’, ಅಂದರೆ ವಾಹನದ ಕುಲುಕಾಟ. ಇನ್ನೊಂದು ‘ಅತ್ಯಾಸನ’, ಅಂದರೆ ಮಿತಿಮೀರಿ ಕುಳಿತಿರುವುದು. ಇವುಗಳಿಂದ ಸಂಧಿಗಳು ಸಡಿಲವಾಗುವುದು, ಕತ್ತು ಮತ್ತು ಹೆಗಲು ದುರ್ಬಲವಾಗುವುದು, ಪಕ್ಕೆ, ಸೊಂಟ, ಬೆನ್ನುಗಳಲ್ಲಿ ನೋವು, ಪಾದಗಳಲ್ಲಿ ಬಾವು ಹಾಗೂ ಜೋಮು ಉಂಟಾಗುವುದನ್ನು ಆಚಾರ್ಯರು ವಿವರಿಸಿದ್ದಾರೆ. ಚಿಕಿತ್ಸಾಸ್ಥಾನದ ವಾತವ್ಯಾಧಿ ಅಧ್ಯಾಯದಲ್ಲಿ ವಾತಪ್ರಕೋಪದ ಕಾರಣಗಳನ್ನು ಹೇಳುವಾಗ, ಅಸುಖಕರವಾದ ಹಾಸಿಗೆ ಮತ್ತು ಆಸನ, ವೇಗಗಳನ್ನು ತಡೆಯುವುದು, ಮರ್ಮಕ್ಕೆ ಪೆಟ್ಟು, ಆನೆ, ಒಂಟೆ, ಕುದುರೆ ಹಾಗೂ ವೇಗದ ವಾಹನದಿಂದ ಬೀಳುವುದು ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದಾರೆ. ಕೆಟ್ಟ ಆಸನದಿಂದ ನಿಧಾನವಾಗಿ ಬರುವ ನೋವೂ, ವಾಹನದಿಂದ ಒಮ್ಮೆಲೇ ಬರುವ ಪೆಟ್ಟೂ ಅಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ನಮಗೆ ಇವೆರಡರ ಪರಿಚಯವೂ ದಿನದಿನವೂ ಆಗುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಸ್ವರೂಪವೇ ಬದಲಾಯಿತು. ಮೇಖ್ರಿ ವೃತ್ತದಿಂದ ಹೆಬ್ಬಾಳದವರೆಗೆ ವಾಹನಗಳು ತೆವಳುತ್ತವೆ. ಹೆಬ್ಬಾಳ ದಾಟಿ ಮೇಲ್ರಸ್ತೆ ಏರಿದೊಡನೆ ಬಾಣದಂತೆ ಓಡುತ್ತವೆ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಅರ್ಧಗಂಟೆ ನಿಂತವರು ಪೀಣ್ಯದ ಮೇಲ್ಸೇತುವೆಯ ಮೇಲೆ ಕಳೆದುಹೋದ ಸಮಯವನ್ನು ಹಿಡಿಯಲು ಹೊರಡುತ್ತಾರೆ. ತೆವಳುವಾಗ ಬೆನ್ನು ಸವೆಯುತ್ತದೆ. ಓಡುವಾಗ ಪ್ರಾಣ ಪಣಕ್ಕಿರುತ್ತದೆ. ಸಂತೋಷದ ಸಂಗತಿಯೆಂದರೆ, ಬೆನ್ನಿಗೆ ಹಿತವಾದ ಕುಳಿತುಕೊಳ್ಳುವ ಕ್ರಮ ಯಾವುದೋ ಪ್ರಾಣವನ್ನು ಕಾಯುವ ಕ್ರಮವೂ ಅದೇ ಆಗಿದೆ. ಎರಡಕ್ಕೆ ಎರಡು ವಿಧಾನಗಳನ್ನು ಕಲಿಯಬೇಕಾಗಿಲ್ಲ.

ಕುಳಿತಾಗ ದೇಹದಲ್ಲಿ ಆಗುವುದೇನು?

ಕಟಿಯು ವಾತದ ಮುಖ್ಯ ಸ್ಥಾನಗಳಲ್ಲಿ ಒಂದು. ನಾವು ನಿಂತಾಗ ಸೊಂಟದ ಬಳಿ ಬೆನ್ನೆಲುಬು ಒಳಮುಖವಾಗಿ ಸ್ವಲ್ಪ ಬಾಗಿರುತ್ತದೆ. ಈ ಬಾಗು ಭಾರವನ್ನು ಹಂಚುವ ಸಹಜ ವ್ಯವಸ್ಥೆ. ಕುಸಿದು ಕುಳಿತಾಗ ಸೊಂಟದ ಮೂಳೆ ಹಿಂದಕ್ಕೆ ಹೊರಳಿ, ಬಾಗು ಅಳಿದು, ಕಶೇರುಗಳ ನಡುವಿನ ಮೆತ್ತನೆಯ ಬಿಲ್ಲೆಗಳ ಮುಂಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಹಿಂಭಾಗ ಉಬ್ಬಿ ನರದ ಕಡೆಗೆ ತಳ್ಳಲ್ಪಡುತ್ತದೆ. ಇದರೊಂದಿಗೆ ವಾಹನದ ಕಂಪನವೂ ಸೇರುತ್ತದೆ. ಕುಳಿತ ಮನುಷ್ಯನ ಮುಂಡವು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿ ಮೇಲೆ ಕೆಳಗೆ ಆಡುವ ಕಂಪನಕ್ಕೆ ಅತಿಯಾಗಿ ಸ್ಪಂದಿಸುತ್ತದೆ. ಹದಗೆಟ್ಟ ರಸ್ತೆಯಲ್ಲಿ ಓಡುವ ವಾಹನ ಕೊಡುವ ಕಂಪನವೂ ಬಹುಮಟ್ಟಿಗೆ ಇದೇ ಬಗೆಯದು. ಮನೆಯ ಕುರ್ಚಿಯಲ್ಲಿ ಎರಡು ಗಂಟೆ ಕುಳಿತವನಿಗಿಂತ ಕಾರಿನಲ್ಲಿ ಎರಡು ಗಂಟೆ ಕುಳಿತವನು ಹೆಚ್ಚು ದಣಿಯುವುದಕ್ಕೆ ಇದೊಂದು ಕಾರಣ.

ಆಸನ ಸಿದ್ಧಿ

ನಾವು ಇಷ್ಟಲಿಂಗ ಪೂಜೆಗೆ ಕೂರುವಾಗ ಮೊದಲು ಆಸನವನ್ನು ಹಾಸುತ್ತೇವೆ, ಕಾಲನ್ನು ಮಡಚಿ ಬೆನ್ನನ್ನು ನೆಟ್ಟಗೆ ಮಾಡುತ್ತೇವೆ, ಎಡ ಅಂಗೈಯ ಎತ್ತರವನ್ನು ಸರಿಪಡಿಸಿಕೊಳ್ಳುತ್ತೇವೆ. ಆಮೇಲೆ ದೃಷ್ಟಿ ನಿಲ್ಲುತ್ತದೆ. ಪೂಜೆ ಆರಂಭವಾದ ಮೇಲೆ ಆಸನವನ್ನು ಎಳೆದಾಡುವವರಿಲ್ಲ. ಕಾರಿನ ಚಾಲಕನೂ ಇದೇ ಶಿಸ್ತನ್ನು ಅನುಸರಿಸಬೇಕು. ಎಂಜಿನ್ ಚಾಲೂ ಮಾಡುವ ಮುನ್ನ, ಸಮತಟ್ಟಾದ ಜಾಗದಲ್ಲಿ, ಕೆಳಗಿನ ಕ್ರಮದಲ್ಲೇ ಸರಿಪಡಿಸಿಕೊಳ್ಳಿರಿ. ಒಂದು ಬದಲಾದರೆ ಇನ್ನೊಂದು ಬದಲಾಗುವುದರಿಂದ ಕ್ರಮ ತಪ್ಪಬಾರದು.

1. ಮೊದಲು ಹಿಂಜೇಬನ್ನು ಬರಿದು ಮಾಡಿ. ಹಣದ ಚೀಲ, ಮೊಬೈಲು ಯಾವುದೂ ಇರಬಾರದು. ಒಂದು ಬದಿಯ ಪೃಷ್ಠ ಒಂದು ಬೆರಳಿನಷ್ಟು ಎತ್ತರವಾದರೂ ಬೆನ್ನೆಲುಬು ಓರೆಯಾಗುತ್ತದೆ. ಪೃಷ್ಠವನ್ನು ಆಸನದ ಮೂಲೆಯವರೆಗೆ ಹಿಂದಕ್ಕೆ ಸರಿಸಿ ಕುಳಿತುಕೊಳ್ಳಿ.

2. ಎತ್ತರ. ಆಸನವನ್ನು ಎತ್ತರಿಸುವ ಸೌಲಭ್ಯವಿದ್ದರೆ, ಕಣ್ಣು ಮುಂಗಾಜಿನ ಅರ್ಧಕ್ಕಿಂತ ಮೇಲೆ ಬರುವಂತೆ ಏರಿಸಿ. ತಲೆಗೂ ಛಾವಣಿಗೂ ನಡುವೆ ಕನಿಷ್ಠ ಒಂದು ಮುಷ್ಟಿಯ ಅಂತರವಿರಲಿ. ಕತ್ತನ್ನು ಮುಂದೆ ಚಾಚದೆ ರಸ್ತೆ ಕಾಣಬೇಕು.

3. ಪಾದಗಳಿಗೆ ಇರುವ ದೂರ. ಕ್ಲಚ್ಚನ್ನು ನೆಲಮುಟ್ಟ ಒತ್ತಿ ಹಿಡಿಯಿರಿ. ಆಗಲೂ ಎಡಮೊಣಕಾಲು ಸ್ವಲ್ಪ ಬಾಗಿರಬೇಕು. ಪೃಷ್ಠ ಆಸನದಿಂದ ಏಳಬಾರದು. ಕ್ಲಚ್ ಇಲ್ಲದ ಕಾರಿನಲ್ಲಿ ಬ್ರೇಕನ್ನು ಪೂರ್ಣ ಬಲದಿಂದ ಒತ್ತಿ ಬಲಮೊಣಕಾಲನ್ನು ಇದೇ ರೀತಿ ಪರೀಕ್ಷಿಸಿ. ಮೊಣಕಾಲು ನೇರವಾಗಿ ಸೆಟೆದಿದ್ದರೆ ತುರ್ತಿನಲ್ಲಿ ಪೂರ್ಣ ಬ್ರೇಕ್ ಬೀಳದು. ಅಪಘಾತವಾದರೆ ಪಾದಕ್ಕೆ ಬಿದ್ದ ಪೆಟ್ಟು ನೇರವಾಗಿ ಸೊಂಟದ ಕೀಲಿಗೆ ಏರುತ್ತದೆ. ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗವಿರಲಿ. ಅಲ್ಲಿ ಅಂಚು ಒತ್ತಿದರೆ ರಕ್ತಸಂಚಾರ ಕುಂಠಿತವಾಗಿ ಪಾದ ಜೋಮು ಹಿಡಿಯುತ್ತದೆ. ಕ್ಲಚ್ ಬೇಡದಾಗ ಎಡಪಾದವನ್ನು ಪಕ್ಕದ ಪಾದಪೀಠದ ಮೇಲಿಡಿ. ಕ್ಲಚ್ಚಿನ ಮೇಲೆ ತೂಗಾಡಿಸಬೇಡಿ.

4. ಬೆನ್ನೊರಗು. ಕಂಬದಂತೆ ನೆಟ್ಟಗೂ ಬೇಡ, ಆರಾಮಕುರ್ಚಿಯಂತೆಯೂ ಬೇಡ. ಆಸನಕ್ಕೂ ಬೆನ್ನೊರಗಿಗೂ ನಡುವಿನ ಕೋನ 100ರಿಂದ 110 ಡಿಗ್ರಿ ಇದ್ದರೆ ಹೆಚ್ಚಿನವರಿಗೆ ಹಿತ. ಹೆಗಲುಗಳು ಬೆನ್ನೊರಗನ್ನು ಮುಟ್ಟಿರಬೇಕು. ಸೊಂಟದ ಒಳಬಾಗು ಖಾಲಿಯಾಗಿ ಉಳಿದರೆ ಒಂದು ಸಣ್ಣ ಕೈವಸ್ತ್ರವನ್ನು ಸುರುಳಿ ಸುತ್ತಿ ಅಲ್ಲಿಗೆ ಇಟ್ಟರೆ ಸಾಕು. ದಪ್ಪ ದಿಂಬು ದೇಹವನ್ನು ಮುಂದಕ್ಕೆ ತಳ್ಳಿ ಉಳಿದ ಎಲ್ಲ ಅಳತೆಗಳನ್ನೂ ಕೆಡಿಸುತ್ತದೆ.

5. ಸ್ಟೀರಿಂಗ್. ಹೆಗಲನ್ನು ಬೆನ್ನೊರಗಿನಿಂದ ಎತ್ತದೆ ಕೈಯನ್ನು ಮುಂದೆ ಚಾಚಿದಾಗ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಹಾಗಿದ್ದರೆ ಕೈಗಳನ್ನು ಎರಡು ಬದಿಗೆ ಇಳಿಸಿದಾಗ ಮೊಣಕೈಗಳು ತಾವಾಗಿ ಬಾಗುತ್ತವೆ. ಗಡಿಯಾರದ ಮುಖಕ್ಕೆ ಹೋಲಿಸಿದರೆ ಎಡಗೈ 9ರ ಬಳಿ, ಬಲಗೈ 3ರ ಬಳಿ ಇರಲಿ. ಎದೆಯ ನಡುಮೂಳೆಗೂ ಸ್ಟೀರಿಂಗಿನ ಮಧ್ಯಕ್ಕೂ ಕನಿಷ್ಠ 25 ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಂತರ ಬೇಕು.

6. ತಲೆಯೊರಗು, ಆಮೇಲೆ ಬೆಲ್ಟ್. ಇವೆರಡರ ವಿಚಾರ ಮುಂದೆ ವಿವರವಾಗಿ ಬರುತ್ತದೆ.

7. ಕೊನೆಯಲ್ಲಿ ಕನ್ನಡಿಗಳು. ಒಳಗನ್ನಡಿಯಲ್ಲಿ ಹಿಂಗಾಜು ಪೂರ್ತಿ ಕಾಣಲಿ. ಪಕ್ಕದ ಕನ್ನಡಿಗಳಲ್ಲಿ ನಿಮ್ಮ ಕಾರಿನ ಅಂಚು ಕಾಣಿಸಿಯೂ ಕಾಣಿಸದಷ್ಟು ಹೊರಕ್ಕೆ ತಿರುಗಿಸಿ. ಸ್ವಂತ ಕಾರಿನ ಬಾಗಿಲನ್ನು ನೋಡುವುದರಿಂದ ಪ್ರಯೋಜನವಿಲ್ಲ. ಬೆಳಗ್ಗೆ ಸರಿಯಾಗಿದ್ದ ಒಳಗನ್ನಡಿ ಸಂಜೆ ತಪ್ಪಿದಂತೆ ಕಂಡರೆ ಕನ್ನಡಿಯನ್ನು ಮುಟ್ಟಬೇಡಿ. ನಿಮ್ಮ ಬೆನ್ನು ಕುಸಿದಿದೆ ಎಂದು ತಿಳಿದು ನೆಟ್ಟಗೆ ಕುಳಿತುಕೊಳ್ಳಿ. ಕನ್ನಡಿ ತಾನೇ ಸರಿಯಾಗುತ್ತದೆ.

ಗಿಡ್ಡ ನಿಲುವಿನವರು, ಅದರಲ್ಲೂ ತಾಯಂದಿರು, ಪೆಡಲ್ ಎಟುಕಲೆಂದು ಸ್ಟೀರಿಂಗಿಗೆ ಎದೆ ತಾಗುವಂತೆ ಕೂರುವುದನ್ನು ನೋಡಿದ್ದೇನೆ. ಅವರು ಆಸನವನ್ನು ಎತ್ತರಿಸಬೇಕು, ಬೆನ್ನೊರಗನ್ನು ಒಂದೆರಡು ಹಲ್ಲು ಹಿಂದಕ್ಕೆ ಬಾಗಿಸಬೇಕು, ಸ್ಟೀರಿಂಗನ್ನು ಮುಖದ ಕಡೆಗಿಂತ ಎದೆಯ ಕಡೆಗೆ ತಿರುಗುವಂತೆ ಇಳಿಸಬೇಕು. ಒಂದೇ ಕಾರನ್ನು ಗಂಡ, ಹೆಂಡತಿ, ಮಗ ಮೂವರೂ ಓಡಿಸುವ ಮನೆಗಳಲ್ಲಿ ಪ್ರತಿಯೊಬ್ಬರೂ ಕುಳಿತೊಡನೆ ಈ ಕ್ರಮವನ್ನು ಮೊದಲಿನಿಂದ ಮಾಡಬೇಕು.

ತ್ರಿಮರ್ಮಗಳ ರಕ್ಷಣೆ

ಸುಶ್ರುತಾಚಾರ್ಯರು ದೇಹದಲ್ಲಿ 107 ಮರ್ಮಗಳನ್ನು ಎಣಿಸಿದ್ದಾರೆ. ಚರಕಾಚಾರ್ಯರು ಅವುಗಳಲ್ಲಿ ಮೂರನ್ನು ಪ್ರಧಾನವೆಂದು ಬೇರ್ಪಡಿಸಿ, ಅವುಗಳಿಗಾಗಿಯೇ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟರು: ಶಿರಸ್ಸು, ಹೃದಯ ಮತ್ತು ಬಸ್ತಿ. ಇಂದಿನ ಕಾರಿನಲ್ಲಿ ಅಳವಡಿಸಿರುವ ಸಾಧನಗಳನ್ನು ನೋಡಿದರೆ ಅವು ಈ ಮೂರನ್ನು ಕಾಯುವುದಕ್ಕಾಗಿಯೇ ಇರುವಂತೆ ತೋರುತ್ತದೆ. ಆದರೆ ಸರಿಯಾದ ಭಂಗಿಯಲ್ಲಿ ಕುಳಿತವರನ್ನು ಮಾತ್ರ ಅವು ಸರಿಯಾಗಿ ಕಾಯುತ್ತವೆ.

ಶಿರಸ್ಸು: ತಲೆಯೊರಗು ನಿದ್ದೆಗೆ ಇಟ್ಟ ದಿಂಬೆಂದು ಹಲವರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಂದು ವ್ಯಾನು ಬಡಿಯಿತು. ಕಾರಿಗೆ ಆದದ್ದು ಸಣ್ಣ ತಗ್ಗು. ನನ್ನ ಕುತ್ತಿಗೆಗೆ ಆದ ಮನ್ಯಾಸ್ತಂಭ ಎಂಟು ತಿಂಗಳು ಬಿಡಲಿಲ್ಲ. ರೋಗಿಗಳಿಗೆ ಕತ್ತು ತಿರುಗಿಸಿ ತೋರಿಸಬೇಕಾದ ವೈದ್ಯ ತಾನೇ ಇಡೀ ಮೈ ತಿರುಗಿಸಿ ನೋಡಬೇಕಾಯಿತು. ಹಿಂದಿನಿಂದ ಪೆಟ್ಟು ಬಿದ್ದಾಗ ಬೆನ್ನೊರಗು ಮುಂಡವನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಇದ್ದಲ್ಲೇ ಉಳಿದು ಕುತ್ತಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ತಲೆಯೊರಗು ಕೆಳಗಿದ್ದರೆ ಅದರ ಅಂಚೇ ಮೀಟುಗೋಲಿನ ಆನಿಕೆಯಾಗಿ ಕುತ್ತಿಗೆಯನ್ನು ಇನ್ನಷ್ಟು ಮಡಚುತ್ತದೆ. ನನ್ನದು ಪೂರ್ತಿ ಕೆಳಗಿತ್ತು. ಅದರ ಮೇಲಂಚು ನೆತ್ತಿಯ ಮಟ್ಟದಲ್ಲಿರುವುದು ಉತ್ತಮ. ಕನಿಷ್ಠ ಕಿವಿಯ ತುದಿಗಿಂತ ಮೇಲಿರಬೇಕು. ತಲೆಯ ಹಿಂಭಾಗಕ್ಕೂ ಅದಕ್ಕೂ ನಾಲ್ಕು ಬೆರಳಿಗಿಂತ ಹೆಚ್ಚು ಅಂತರವಿರಬಾರದು. ಬೆನ್ನೊರಗನ್ನು ಬಹಳ ಬಾಗಿಸಿದವರಿಗೆ ಈ ಅಂತರ ತಾನಾಗಿ ಹೆಚ್ಚುತ್ತದೆ. ಹಿಂದಿನ ಆಸನದ ತಲೆಯೊರಗನ್ನೂ ಎತ್ತಿ ನಿಲ್ಲಿಸಲು ಮರೆಯಬೇಡಿ.

ಬಸ್ತಿ: ಮೂರು ಬಿಂದುಗಳಲ್ಲಿ ಬಿಗಿಯುವ ಇಂದಿನ ಸೀಟ್ ಬೆಲ್ಟನ್ನು ಸ್ವೀಡನ್ನಿನ ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ 1959ರಲ್ಲಿ ವೋಲ್ವೊ ಕಾರುಗಳಿಗೆ ರೂಪಿಸಿದರು. ಅದರ ತತ್ತ್ವ ಸರಳವಾದುದು: ಪೆಟ್ಟಿನ ಬಲವನ್ನು ಮೃದುವಾದ ಅಂಗಗಳಿಂದ ತಪ್ಪಿಸಿ ಗಟ್ಟಿಯಾದ ಮೂಳೆಗಳ ಮೇಲೆ ಹಾಕುವುದು. ಆದ್ದರಿಂದ ಕೆಳಪಟ್ಟಿ ಹೊಟ್ಟೆಗಿಂತ ಕೆಳಗೆ, ಸೊಂಟದ ಎರಡು ಮೂಳೆಗಳನ್ನು ತಬ್ಬಿ, ತೊಡೆಯ ಬುಡಕ್ಕೆ ತಾಗಿರಬೇಕು. ಹೊಟ್ಟೆಯ ಮೇಲೆ ಏರಿದ ಪಟ್ಟಿ ಅಪಘಾತದಲ್ಲಿ ನಾಭಿಯನ್ನೂ ಬಸ್ತಿಯನ್ನೂ ಒತ್ತುತ್ತದೆ. ಸುಶ್ರುತರು ಇವೆರಡನ್ನೂ ಸದ್ಯಃಪ್ರಾಣಹರ ಮರ್ಮಗಳೆಂದಿದ್ದಾರೆ. ಪಕ್ಕದ ಆಸನದಲ್ಲಿ ಬೆನ್ನೊರಗನ್ನು ಮಲಗಿಸಿ ನಿದ್ರಿಸುವವರು ಬೆಲ್ಟ್ ಹಾಕಿದ್ದರೂ ಅಪಾಯದಲ್ಲಿರುತ್ತಾರೆ. ಪೆಟ್ಟು ಬಿದ್ದಾಗ ದೇಹ ಪಟ್ಟಿಯ ಅಡಿಯಿಂದ ಜಾರಿ, ಪಟ್ಟಿ ಹೊಟ್ಟೆಗೂ ಕುತ್ತಿಗೆಗೂ ಸಿಕ್ಕಿಕೊಳ್ಳುತ್ತದೆ. ಸೀರೆಯುಟ್ಟವರು ನೆರಿಗೆ ಮತ್ತು ಸೆರಗಿನ ರಾಶಿಯ ಮೇಲೆ ಬೆಲ್ಟ್ ಎಳೆಯದೆ, ಬಟ್ಟೆಯನ್ನು ಸಮಮಾಡಿ ಸೊಂಟದ ಮೂಳೆಗೆ ಪಟ್ಟಿಯನ್ನು ಒತ್ತಿಕೊಳ್ಳಲಿ. ಗರ್ಭಿಣಿಯರೂ ಬೆಲ್ಟ್ ಧರಿಸಲೇಬೇಕು: ಕೆಳಪಟ್ಟಿ ಉದರದ ಅಡಿಯಲ್ಲಿ, ಮೇಲ್ಪಟ್ಟಿ ಸ್ತನಗಳ ನಡುವೆ ಹಾದು ಉದರದ ಪಕ್ಕದಲ್ಲಿ ಇಳಿಯಬೇಕು.

ಹೃದಯ: ಮೇಲ್ಪಟ್ಟಿ ಹೆಗಲಿನ ಮಧ್ಯದಲ್ಲಿ ಕೊರಳೆಲುಬಿನ ಮೇಲಿಂದ ಎದೆಯನ್ನು ದಾಟಬೇಕು. ಕತ್ತನ್ನು ಉಜ್ಜುತ್ತಿದ್ದರೆ ಬಾಗಿಲ ಪಕ್ಕದ ಕಂಬದಲ್ಲಿರುವ ಕೊಂಡಿಯನ್ನು ಕೆಳಗಿಳಿಸಿ, ಇಲ್ಲವೇ ಆಸನವನ್ನು ಎತ್ತರಿಸಿ. ಉಜ್ಜುತ್ತದೆಂದು ಕಂಕುಳ ಕೆಳಗೆ ಹಾಕಿಕೊಂಡರೆ ಪಕ್ಕೆಲುಬುಗಳು ಮುರಿದು ಒಳಗಿನ ಅಂಗಗಳಿಗೆ ಚುಚ್ಚಬಹುದು.

ಇಲ್ಲಿ ಲಿಂಗಧಾರಿಗಳಾದ ನಮಗೆಂದೇ ಒಂದು ಮಾತನ್ನು ಹೇಳಬೇಕು. ಬೆಲ್ಟಿನ ಅಡಿಯಲ್ಲಿ ಗಟ್ಟಿಯಾದ ಯಾವ ವಸ್ತುವೂ ಇರಬಾರದೆಂಬುದು ಸಾಮಾನ್ಯ ನಿಯಮ. ಪೆನ್ನು, ಮೊಬೈಲು, ಕನ್ನಡಕದ ಡಬ್ಬಿ ಇವುಗಳನ್ನು ತೆಗೆದಿಡಬಹುದು. ಇಷ್ಟಲಿಂಗವನ್ನು ಅಗಲುವ ಮಾತಿಲ್ಲ. ಆದರೆ ಬೆಳ್ಳಿಯ ಕರಡಿಗೆ ಎದೆಯ ನಡುವೆ ಬೆಲ್ಟಿನ ಅಡಿಗೆ ಸಿಕ್ಕಿದ್ದರೆ, ಅಗಲವಾದ ಪಟ್ಟಿ ಹಂಚಬೇಕಾದ ಬಲವೆಲ್ಲ ಆ ಒಂದೇ ಜಾಗದಲ್ಲಿ ಎದೆಯ ಮೂಳೆಯ ಮೇಲೆ ಬೀಳುತ್ತದೆ. ಪರಿಹಾರ ಸುಲಭವಾಗಿದೆ. ನಮ್ಮ ಕಾರುಗಳಲ್ಲಿ ಚಾಲಕನ ಬೆಲ್ಟ್ ಬಲಹೆಗಲಿನಿಂದ ಎಡಸೊಂಟಕ್ಕೆ ಇಳಿಯುತ್ತದೆ. ಎದೆಯ ಎಡಮೇಲ್ಭಾಗ ತೆರವಾಗಿರುತ್ತದೆ. ಎಡಬದಿಯಲ್ಲಿ ಕುಳಿತವರಿಗೆ ಬೆಲ್ಟ್ ಎಡಹೆಗಲಿನಿಂದ ಬಲಸೊಂಟಕ್ಕೆ ಹೋಗುವುದರಿಂದ ಬಲಮೇಲ್ಭಾಗ ತೆರವು. ಶಿವದಾರವನ್ನು ಸ್ವಲ್ಪ ಗಿಡ್ಡ ಮಾಡಿ, ಬೆಲ್ಟ್ ಬಿಗಿದ ಮೇಲೆ ಇಷ್ಟಲಿಂಗ ಆ ತೆರವಾದ ಜಾಗದಲ್ಲಿ ನೆಲೆಸುವಂತೆ ನೋಡಿಕೊಳ್ಳಿರಿ. ದೂರಪ್ರಯಾಣದಲ್ಲಿ ಲೋಹದ ಕರಡಿಗೆಗೆ ಬದಲಾಗಿ ಪಾವುಡದಲ್ಲಿ ಸುತ್ತಿ ಧರಿಸುವ ಹಿರಿಯರ ಪದ್ಧತಿಯೂ ಉತ್ತಮವಾದುದು. ಲಿಂಗ ನಾಭಿಗಿಂತ ಕೆಳಗಿಳಿಯಬಾರದೆಂಬ ನಮ್ಮ ಆಚಾರಕ್ಕೂ ಇದು ಹೊಂದುತ್ತದೆ.

ಏರ್‌ಬ್ಯಾಗ್ ಬೆಲ್ಟಿಗೆ ಸಹಾಯಕ, ಬೆಲ್ಟಿಗೆ ಬದಲಿಯಾಗದು. ಅದು ಕಣ್ಣೆವೆ ಮುಚ್ಚಿ ತೆರೆಯುವುದಕ್ಕಿಂತ ಮೊದಲೇ ಸ್ಫೋಟದ ಬಲದಿಂದ ಉಬ್ಬುತ್ತದೆ. ಉಬ್ಬಿದ ಚೀಲಕ್ಕೆ ದೇಹ ಒರಗಬೇಕು. ಉಬ್ಬುತ್ತಿರುವ ಚೀಲ ದೇಹಕ್ಕೆ ಬಡಿಯಬಾರದು. 25 ಸೆಂಟಿಮೀಟರಿನ ಅಂತರ ಹೇಳಿದ್ದು ಇದಕ್ಕಾಗಿ. ಎಡಬದಿಯವರು ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿದ್ದರೆ ತೊಡೆ ಮತ್ತು ಸೊಂಟದ ಮೂಳೆಗಳು ಮುರಿಯಬಹುದು. ಇನ್ನೊಂದು ಮಾತು: ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಏರ್‌ಬ್ಯಾಗಿನ ಮುಚ್ಚಳದ ಮೇಲೆಯೇ ಬಸವಣ್ಣನವರ ಮೂರ್ತಿಯನ್ನೋ ಗುರುಗಳ ಭಾವಚಿತ್ರವನ್ನೋ ಅಂಟಿಸಿರುತ್ತೇವೆ. ಚೀಲ ಉಬ್ಬಿದಾಗ ಅದು ಎದುರಿಗೆ ಕುಳಿತವರ ಮುಖಕ್ಕೆ ಚಿಮ್ಮುತ್ತದೆ. ಭಕ್ತಿಯಿಂದ ಅದನ್ನು ಅಲ್ಲಿಂದ ತೆಗೆದು ಸುರಕ್ಷಿತವಾದ ಬೇರೆ ಸ್ಥಳದಲ್ಲಿಡಿ.

ಹಿಂದಿನ ಆಸನ ಮತ್ತು ಮಕ್ಕಳು

ಹಿಂದೆ ಕುಳಿತವರಿಗೆ ಬೆಲ್ಟ್ ಬೇಡವೆಂಬ ಭ್ರಮೆ ನಮ್ಮಲ್ಲಿ ಆಳವಾಗಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರಿದ್ದ ಕಾರು ಸೇತುವೆಯ ತಡೆಗೋಡೆಗೆ ಬಡಿಯಿತು. ಹಿಂದೆ ಕುಳಿತಿದ್ದ ಅವರೂ ಅವರ ಜೊತೆಗಿದ್ದವರೂ ತೀರಿಕೊಂಡರು. ಮುಂದಿದ್ದ ಇಬ್ಬರು ಗಾಯಗೊಂಡು ಉಳಿದರು. ಹಿಂದಿದ್ದವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಅದು ದುಬಾರಿಯಾದ, ದೃಢವಾದ ಕಾರಾಗಿತ್ತು.

ಗಂಟೆಗೆ 50 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರು ಸಾಗುತ್ತದೆ. ಆ ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು 10 ಮೀಟರು ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದಂತೆ. ಅಂಥ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಹೋದರೆ, ಅಜ್ಜಿಯ ಮಡಿಲಲ್ಲಿರುವ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು 140 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅಷ್ಟು ಶಕ್ತಿಯಿಲ್ಲ. ಪ್ರೀತಿಯಿಂದ ಮುಂದಿನ ಆಸನದಲ್ಲಿ ಮಡಿಲ ಮೇಲೆ ಕೂರಿಸಿಕೊಂಡ ಮಗು ಅಪಘಾತದಲ್ಲಿ ದೊಡ್ಡವರ ದೇಹಕ್ಕೂ ಏರ್‌ಬ್ಯಾಗಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಹಿಂದಿನ ಆಸನದಲ್ಲಿ, ತಮ್ಮ ತೂಕ ಮತ್ತು ಎತ್ತರಕ್ಕೆ ತಕ್ಕ ಮಕ್ಕಳ ಆಸನದಲ್ಲಿ ಕೂರಬೇಕು. ಹಸುಗೂಸಿನ ಆಸನ ಹಿಮ್ಮುಖವಾಗಿರಬೇಕು. ಅದನ್ನು ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಎಂದೂ ಇಡಬಾರದು. ಸುಮಾರು 145 ಸೆಂಟಿಮೀಟರು ಎತ್ತರ ಬರುವವರೆಗೆ ದೊಡ್ಡವರ ಬೆಲ್ಟ್ ಮಕ್ಕಳ ಕತ್ತಿಗೂ ಹೊಟ್ಟೆಗೂ ಬರುವುದರಿಂದ ಎತ್ತರಿಸುವ ಪೀಠ ಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೂ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಆಸನದಿಂದ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡವೆಂದು ಹೇಳುತ್ತದೆ. ಬೆಲ್ಟಿನ ಎಚ್ಚರಿಕೆಯ ಸದ್ದನ್ನು ಅಡಗಿಸಲು ಖಾಲಿ ಕೊಂಡಿಯನ್ನು ಸಿಕ್ಕಿಸುವವರು ದಂಡವನ್ನು ತಪ್ಪಿಸಿಕೊಂಡರೂ ಪೆಟ್ಟನ್ನು ತಪ್ಪಿಸಿಕೊಳ್ಳಲಾರರು.

ಜಾತ್ರೆಗೆ ಹೋಗುವಾಗ ಹಿಂಗಾಜಿನ ಅಡಿಯ ಹಲಗೆಯ ಮೇಲೆ ಸ್ಟೀಲಿನ ಡಬ್ಬಿ, ತೆಂಗಿನಕಾಯಿಯ ಚೀಲಗಳನ್ನು ಇಡಬೇಡಿ; ಕಾರು ನಿಂತರೂ ಅವು ನಿಲ್ಲುವುದಿಲ್ಲ. ಚಾಲಕನ ಕಾಲಬುಡದಲ್ಲಿ ಬಿಟ್ಟ ಚಪ್ಪಲಿ ಮತ್ತು ನೀರಿನ ಬಾಟಲಿ ಬ್ರೇಕಿನ ಅಡಿಗೆ ಉರುಳಬಹುದು.

ಪ್ರಯಾಣದ ಪಥ್ಯ

ಎಷ್ಟೇ ಸರಿಯಾಗಿ ಕುಳಿತರೂ ಅತ್ಯಾಸನ ಅತ್ಯಾಸನವೇ. ಒಂದೂವರೆ ಎರಡು ಗಂಟೆಗೊಮ್ಮೆ ಕಾರನ್ನು ನಿಲ್ಲಿಸಿ ಐದು ನಿಮಿಷ ನಡೆಯಿರಿ. ಕೈಗಳನ್ನು ಸೊಂಟದ ಮೇಲಿಟ್ಟು ನಾಲ್ಕೈದು ಬಾರಿ ನಿಧಾನವಾಗಿ ಹಿಂದಕ್ಕೆ ಬಾಗಿ, ಹೆಗಲುಗಳನ್ನು ತಿರುಗಿಸಿ, ಹಿಮ್ಮಡಿಗಳನ್ನು ಎತ್ತಿ ಇಳಿಸಿ. ಶೌಚಾಲಯ ಸಿಗದೆಂದು ನೀರು ಕುಡಿಯದಿರುವುದು, ಬಂದ ವೇಗವನ್ನು ತಡೆಯುವುದು ಎರಡೂ ವಾತವನ್ನು ಕೆರಳಿಸುತ್ತವೆ. ದಾಸೋಹದಲ್ಲಿ ಪ್ರಸಾದವನ್ನು ಮಿತವಾಗಿ ಸ್ವೀಕರಿಸಿ; ಹೊಟ್ಟೆ ತುಂಬ ಉಂಡು ಕೂಡಲೇ ಸ್ಟೀರಿಂಗ್ ಹಿಡಿದರೆ ತಂದ್ರೆ ಕವಿಯುತ್ತದೆ. ಜಾಗರಣೆ ಮಾಡಿದ ಮರುದಿನ ಬೆಳಗ್ಗೆ ಸ್ವತಃ ಓಡಿಸಿಕೊಂಡು ಮರಳುವುದು ಖಂಡಿತ ಬೇಡ; ನಿದ್ರಿಸಿದ ಮೇಲೆ ಹೊರಡಿ, ಇಲ್ಲವೇ ಬಸ್ಸು ರೈಲುಗಳಿವೆ. ಮನೆ ಸೇರಿದ ರಾತ್ರಿ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಸೊಂಟ, ಹೆಗಲು, ಪಾದಗಳಿಗೆ ಹಚ್ಚಿ ಬಿಸಿನೀರಿನ ಸ್ನಾನ ಮಾಡಿದರೆ ಹಿತ.

ಆದರೆ ಕಾಲಿನಲ್ಲಿ ಬಲ ಕುಂದುವುದು, ಪಾದ ಎತ್ತಲಾಗದೆ ಎಳೆಯುವುದು, ಗುದ ಮತ್ತು ಜನನಾಂಗದ ಸುತ್ತ ಸ್ಪರ್ಶ ತಿಳಿಯದಿರುವುದು, ಮಲಮೂತ್ರಗಳ ಮೇಲಿನ ಹಿಡಿತ ತಪ್ಪುವುದು ಈ ಲಕ್ಷಣಗಳು ಕಂಡರೆ ಎಣ್ಣೆ ಹಚ್ಚಿ ಕಾಯಬಾರದು; ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಪಘಾತದ ನಂತರ ಕುತ್ತಿಗೆ ನೋವಿದ್ದವರಿಗೆ ಪರೀಕ್ಷೆಯಾಗುವ ಮುನ್ನ ಯಾರೂ ಕತ್ತು ತಿರುವಬಾರದು, ಮಾಲೀಶು ಮಾಡಬಾರದು.

ಯಲಹಂಕದ ಆ ಭಕ್ತರ ಕಾರಿನಲ್ಲಿ ಅಂದು ನಾವಿಬ್ಬರೂ ಹತ್ತು ನಿಮಿಷ ಕಳೆದೆವು. ಆಸನವನ್ನು ನಾಲ್ಕು ಹಲ್ಲು ಮುಂದಕ್ಕೆ ತಂದೆವು, ಬೆನ್ನೊರಗನ್ನು ಎತ್ತಿದೆವು, ದಿಂಬನ್ನು ತೆಗೆದೆವು, ತಲೆಯೊರಗನ್ನು ಏರಿಸಿದೆವು. ಮೊದಲ ವಾರ ಇಕ್ಕಟ್ಟೆನಿಸುತ್ತದೆ ಎಂದು ಅವರು ಗೊಣಗಿದರು. ಹಳೆಯ ಅಭ್ಯಾಸವನ್ನು ಬಿಡಿಸಿದಾಗ ದೇಹ ಹಾಗೆ ಹೇಳುವುದು ಸಹಜ. ಮೂರನೆಯ ಕಟಿಬಸ್ತಿಯೇ ಅವರಿಗೆ ಕೊನೆಯದಾಯಿತು. ಈಗ ಅವರು ಹಬ್ಬಕ್ಕೆ ಬಂದಾಗ ನನ್ನ ಕಾರಿನೊಳಗೆ ಇಣುಕಿ ನನ್ನ ತಲೆಯೊರಗು ಎಲ್ಲಿದೆಯೆಂದು ನೋಡುತ್ತಾರೆ.

ದೇಹವನ್ನು ಪೂಜ್ಯವೆಂದು ಕಂಡ ಪರಂಪರೆ ನಮ್ಮದು. ಈ ಸಂಚಿಕೆಯನ್ನು ಓದಿ ಮಡಚಿಟ್ಟ ಮೇಲೆ, ಇಂದು ಸಂಜೆಯೇ ಮನೆಮಂದಿಯೆಲ್ಲ ನಿಂತ ಕಾರಿನಲ್ಲಿ ಒಮ್ಮೆ ಕುಳಿತು ನೋಡಿರಿ. ಒಬ್ಬರು ಕುಳಿತಾಗ ಇನ್ನೊಬ್ಬರು ಹೊರಗೆ ನಿಂತು ತಲೆಯೊರಗಿನ ಎತ್ತರ, ಬೆಲ್ಟಿನ ಜಾಗ, ಮೊಣಕಾಲಿನ ಬಾಗು ಈ ಮೂರನ್ನು ಪರೀಕ್ಷಿಸಲಿ. ಮುಂದಿನ ಜಾತ್ರೆಗೆ ಹೋದವರೆಲ್ಲ ಗುರುದರ್ಶನ ಪಡೆದು, ಹೋದ ಹಾಗೆಯೇ ಮನೆಗೆ ಮರಳಲಿ.